ಯಾರೂ ಮಾಡದ ಸನ್ನೆ

ಈರಿ ಊರಿನ ಅಮೆರಿಕನ್ ಫುಟ್‌ಬಾಲ್ ತಂಡದಲ್ಲಿ ಖಾಲಿ ಕುರ್ಚಿ ಇಟ್ಟುಕೊಳ್ಳುವ ಪದ್ಧತಿ ಇರಲಿಲ್ಲ. ಆಟಗಾರನೊಬ್ಬ ಗಾಯಗೊಂಡು ತಂಡದಿಂದ ಹೊರಗುಳಿದ ದಿನವೇ ಸಾಮಾನು ನೋಡಿಕೊಳ್ಳುವವರು ಬಂದು ಮೀಟಿಂಗ್ ಕೋಣೆಯಿಂದ ಅವನ ಕುರ್ಚಿ ಎತ್ತಿಕೊಂಡು ಹೋಗುತ್ತಿದ್ದರು. ಖಾಲಿ ಕುರ್ಚಿ ಕಣ್ಣೆದುರಿಗಿದ್ದರೆ ಉಳಿದವರ ಕಾಲು ಭಾರವಾಗುತ್ತದೆ ಎನ್ನುವುದು ಹೆಡ್ ಕೋಚ್ ಗಿಲ್ ಸ್ಟ್ರೌಬ್‌ನ ನಂಬಿಕೆ. ಅವನು ಕೆಟ್ಟವನಲ್ಲ. ಆದರೆ ಚಿಕಿತ್ಸೆಯ ಕೋಣೆಯ ಮುಂದೆ ಹಾಯುವಾಗ ಕತ್ತನ್ನು ಆ ಕಡೆ ತಿರುಗಿಸುತ್ತಿರಲಿಲ್ಲ. ಗಾಯಾಳುಗಳು ಹಿಂಬಾಗಿಲಿನಿಂದ ಬರುತ್ತಿದ್ದರು. ಉಳಿದವರು ಮೈದಾನಕ್ಕೆ ಹೋದ ಮೇಲೆ ಊಟ ಮಾಡಿ ಅದೇ ಬಾಗಿಲಿನಿಂದ ಹೋಗುತ್ತಿದ್ದರು. ಹಾಗೆ ಮಾಡಿ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಲವೆಲ್ ಪ್ರೂಟ್ ಆ ತಂಡದ ರಿಸೀವರುಗಳ ಕೋಚ್. ಓಡಿ ಹೋಗಿ ಚೆಂಡು ಹಿಡಿಯುವ ಹುಡುಗರು ಅವನ ಪಾಲಿನವರು. ಬೇಸಿಗೆಯಲ್ಲಿ ಅವನ ಕೋಣೆಯಲ್ಲಿ ಆರು ಕುರ್ಚಿಗಳಿದ್ದವು. ಡಿಸೆಂಬರಿಗೆ ಮೂರು ಉಳಿದವು. ಎತ್ತಿಕೊಂಡು ಹೋದ ಕುರ್ಚಿಗಳ ಕಾಲಿನ ಗುರುತು ಕಾರ್ಪೆಟ್ಟಿನ ಮೇಲೆ ಹಾಗೇ ಕೂತಿತ್ತು. ಹುಡುಗರು ಬಂದು ಹೋಗುವಾಗ ಆ ಗುರುತುಗಳನ್ನು ತುಳಿಯದೆ ಸುತ್ತಿ ಹೋಗುತ್ತಿದ್ದರು. ಪ್ರೂಟ್ ಅದನ್ನು ನೋಡುತ್ತಿದ್ದ.

ಉಳಿದ ಮೂವರಲ್ಲಿ ಹಿರಿಯ ಓರಿನ್ ಮೇಬ್ರಿ. ಲೀಗಿನಲ್ಲಿ ಅಷ್ಟು ವರ್ಷ ಉಳಿದ ರಿಸೀವರುಗಳು ಹೆಚ್ಚು ಮಂದಿ ಇಲ್ಲ. ಹೊಸಬ ವಿಕ್ ಸಲಜಾರ್, ಆ ವರ್ಷವಷ್ಟೇ ಕಾಲೇಜು ಬಿಟ್ಟು ಬಂದವನು. ಇವರಿಬ್ಬರ ನಡುವೆ ಕೋಯ್ ಬಾಸ್ಕಿನ್. ಎರಡು ತಂಡಗಳು ಬಿಟ್ಟುಕೊಟ್ಟಿದ್ದ ಹುಡುಗ. ಅವನಿಗಿಂತ ಮುಂದಿದ್ದವರು ಒಬ್ಬೊಬ್ಬರೇ ಗಾಯಗೊಂಡು ಅವನ ಸರದಿ ಬಂದಿತ್ತು. ಬಂದ ಸರದಿಯನ್ನು ಅವನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ.

ಆ ಭಾನುವಾರ ಕೋಯ್ ಗಾಳಿಯಲ್ಲಿ ಚೆಂಡಿಗೆ ಹಾರಿದಾಗ ಎದುರಾಳಿಯ ಹೆಗಲು ಬಡಿದು ತಲೆ ಕೆಳಗಾಗಿ ಬಿದ್ದ. ಹೆಪ್ಪುಗಟ್ಟಿದ ನೆಲ. ಅಂಚಿನಲ್ಲಿದ್ದ ಡೇರೆಯೊಳಗೆ ಕರೆದುಕೊಂಡು ಹೋಗಿ ವೈದ್ಯರು ನೋಡಿದರು. ಯಾವ ತಿಂಗಳು, ಯಾರ ವಿರುದ್ಧ ಆಟ, ಎಲ್ಲಕ್ಕೂ ಉತ್ತರ ಹೇಳಿದ. ಮಧ್ಯಂತರದ ನಂತರ ಮತ್ತೆ ಇಳಿದು ಎರಡು ಚೆಂಡು ಹಿಡಿದ. ಎರಡನೆಯದು ಪಂದ್ಯ ಗೆಲ್ಲಿಸಿತು. ಮುಂದಿನ ಭಾನುವಾರವೂ ಗೆದ್ದರೆ ಮುಂದಿನ ಸುತ್ತು, ಸೋತರೆ ಎಲ್ಲರೂ ಮನೆಗೆ. ಬದಲಿಗೆ ತರಬಹುದಾಗಿದ್ದ ಅಭ್ಯಾಸದ ಗುಂಪಿನ ಒಬ್ಬ ಹುಡುಗನಿಗೂ ತೊಡೆ ಹಿಡಿದುಕೊಂಡಿತ್ತು. ಇದ್ದ ಮೂವರೇ ಎಲ್ಲ.

ಸೋಮವಾರ ಬೆಳಿಗ್ಗೆ ಪ್ರೂಟ್ ಆಟದ ವಿಡಿಯೊ ಹಾಕಿಕೊಂಡು ಕೂತ. ಕೋಚ್‌ಗಳು ನೋಡುವುದು ಟಿವಿಯಲ್ಲಿ ಬರುವ ವಿಡಿಯೊ ಅಲ್ಲ. ಕ್ರೀಡಾಂಗಣದ ನೆತ್ತಿಯಿಂದ ತೆಗೆದದ್ದು. ಆಡುವವರೆಲ್ಲ ಒಟ್ಟಿಗೆ ಕಾಣುತ್ತಾರೆ, ಮುಖ ಯಾರದೂ ಕಾಣುವುದಿಲ್ಲ. ಸದ್ದೂ ಇಲ್ಲ. ಬಿದ್ದು ಎದ್ದ ಮೇಲೂ ಕೋಯ್ ಹೇಳಿಕೊಟ್ಟ ದಾರಿಯಲ್ಲೇ ಓಡಿದ್ದ. ತಿರುಗಬೇಕಾದಲ್ಲಿ ತಿರುಗಿದ್ದ. ಪ್ರೂಟ್‌ಗೆ ಸಮಾಧಾನವಾಯಿತು. ಆಮೇಲೆ ಅವನ ಕಣ್ಣು ಹುಡುಗನ ಕೈಯ ಮೇಲೆ ಬಿತ್ತು.

ಅಕ್ಟೋಬರಿನವರೆಗೆ ಆಟಗಾರರ ಸಾಲಿನ ಆಚೆ ತುದಿಯಲ್ಲಿ ನಿಲ್ಲುತ್ತಿದ್ದವನು ಆಂಡ್ರೆ ಫಾಂಟೆನೊ. ಎಲ್ಲರ ಬಾಯಲ್ಲಿ ಡ್ರೆ. ಅವನಿಗೂ ಕೋಯ್‌ಗೂ ನಡುವೆ ಒಂದು ಸನ್ನೆ ಇತ್ತು. ಪ್ರತಿ ಸಲ ಚೆಂಡು ಆಟಕ್ಕೆ ಬರುವ ಮುಂಚೆ ಡ್ರೆ ತೊಡೆಗೆ ಎರಡು ಸಲ ತಟ್ಟಿದರೆ, ನಾನು ನಿನ್ನ ಕಡೆ ಬರುತ್ತೇನೆ, ನೀನು ನನ್ನ ಹಿಂದಿನಿಂದ ಹೋಗು ಎಂದು. ತಿಳಿಯಿತು ಎನ್ನುವುದಕ್ಕೆ ಕೋಯ್ ಹೆಲ್ಮೆಟ್ಟಿನ ಕಿವಿಯ ಹತ್ತಿರ ಅಂಗೈ ಇಡುತ್ತಿದ್ದ. ಹಿಮ್ಮಡಿಯ ನರ ಕಿತ್ತುಹೋಗಿ ಡ್ರೆ ಲೂಸಿಯಾನಾದ ತಾಯಿಮನೆಗೆ ಹೋದ ಮೇಲೆ ಆ ಸನ್ನೆಯೂ ನಿಂತಿತ್ತು. ಅವನ ಜಾಗಕ್ಕೆ ಬಂದ ಓರಿನ್‌ಗೆ ಇಂಥದ್ದೆಲ್ಲ ಆಗುತ್ತಿರಲಿಲ್ಲ. "ದೇವ್ರು ಬಾಯಿ ಕೊಟ್ಟಿದಾನಲ್ಲ" ಎನ್ನುತ್ತಿದ್ದ.

ವಿಡಿಯೊದಲ್ಲಿ ಮಧ್ಯಂತರದ ನಂತರ ಕೋಯ್ ಪ್ರತಿ ಸಲವೂ ಆಚೆ ತುದಿಯ ಕಡೆ ತಲೆ ತಿರುಗಿಸಿ, ಕಿವಿಯ ಹತ್ತಿರ ಅಂಗೈ ಇಡುತ್ತಿದ್ದ. ಅಲ್ಲಿ ಓರಿನ್ ಮಂಡಿಯ ಮೇಲೆ ಕೈಯೂರಿಕೊಂಡು ಅಲ್ಲಾಡದೆ ನಿಂತಿದ್ದ. ಯಾರೂ ಕರೆಯುತ್ತಿರಲಿಲ್ಲ. ಹುಡುಗ ಉತ್ತರ ಕೊಡುತ್ತಿದ್ದ.

ಪ್ರೂಟ್ ಹಿಂದಕ್ಕೆ ಹೋಗಿ ಮಧ್ಯಂತರದ ಮುಂಚಿನದನ್ನು ನೋಡಿದ. ಅಲ್ಲಿ ಆ ಕೈ ಇರಲಿಲ್ಲ. ಮತ್ತೆ ಮುಂದಕ್ಕೆ ಬಂದ. ಇತ್ತು. ಪರದೆ ಆರಿಸಿದ ಮೇಲೂ ಆ ಪುಟ್ಟ ಆಕೃತಿ, ಆ ಎತ್ತಿದ ಕೈ, ಕಪ್ಪು ಗಾಜಿನ ಮೇಲೆ ಸ್ವಲ್ಪ ಹೊತ್ತು ಉಳಿದ ಹಾಗಿತ್ತು.

ಮಧ್ಯಾಹ್ನ ಮಾರ್ಲೀನ್ ಕೊವಾಚ್ ಅವನ ಬಾಗಿಲಲ್ಲಿ ತಲೆ ಹಾಕಿದಳು. ಆಟಗಾರರ ಗಾಯ, ಆರೋಗ್ಯ ನೋಡಿಕೊಳ್ಳುವವಳು, ಅದೇ ಊರಿನಲ್ಲಿ ಹುಟ್ಟಿ ಬೆಳೆದವಳು, ಪ್ರೂಟ್‌ಗಿಂತ ಹಿರಿಯಳು.

"ನಿನ್ ಹುಡುಗ ಪಾಸು. ಕಂಪ್ಯೂಟರ್ ಟೆಸ್ಟು, ಡಾಕ್ಟರ್ ಟೆಸ್ಟು, ಎರಡೂ. ಬೇಸಿಗೇಲಿ ಬಂದಿದ್ದ ಅಂಕಾನೇ ಬಂದಿದೆ."

"ಒಳ್ಳೇದಾಯ್ತು," ಎಂದ ಪ್ರೂಟ್.

ಆಕೆ ಹೋದ ಮೇಲೂ ಅವನು ಬಾಗಿಲನ್ನೇ ನೋಡುತ್ತಿದ್ದ. ತಲೆಗೆ ಪೆಟ್ಟು ಬಿದ್ದವನ ನೆನಪು, ಚುರುಕುತನ ಅಳೆಯುವ ಟೆಸ್ಟಿನ ಅಂಕವನ್ನು ಬೇಸಿಗೆಯಲ್ಲಿ ಅವನೇ ಪಡೆದ ಅಂಕದ ಜೊತೆ ಹೋಲಿಸುತ್ತಾರೆ. ಬೇಸಿಗೆಯದೇ ಕಡಿಮೆ ಇದ್ದರೆ ಪೆಟ್ಟು ಕಾಣುವುದಿಲ್ಲ. ಆದ್ದರಿಂದ ರಿಸೀವರುಗಳು ಬೇಸಿಗೆಯ ಟೆಸ್ಟಿಗೆ ದಡ್ಡರ ಹಾಗೆ ಕೂರುತ್ತಾರೆ. ಗೊತ್ತಿರುವ ಉತ್ತರ ಬಿಡುತ್ತಾರೆ, ಬೇಗ ಒತ್ತಬೇಕಾದ ಗುಂಡಿಯನ್ನು ನಿಧಾನವಾಗಿ ಒತ್ತುತ್ತಾರೆ. ಅದು ಹಳಬರಿಂದ ಹೊಸಬರಿಗೆ ಬಂದ ವಿದ್ಯೆ. ಪ್ರೂಟ್ ಆಡುತ್ತಿದ್ದಾಗಲೂ ಇತ್ತು. ಈ ಬೇಸಿಗೆಯಲ್ಲಿ ಟೆಸ್ಟಿನ ಹಿಂದಿನ ದಿನ ಅವನು ಆರು ಕುರ್ಚಿಗಳ ಮುಂದೆ ನಿಂತು, "ನಾಳೆ ಯಾರೂ ಜಾಸ್ತಿ ಜಾಣರಾಗ್ಬೇಡ್ರಪ್ಪ" ಎಂದಿದ್ದ. ಎಲ್ಲರೂ ನಕ್ಕಿದ್ದರು.

ಆ ವಾರವೆಲ್ಲ ಅವನು ಕೋಯ್‌ನ ಮೇಲೆ ಕಣ್ಣಿಟ್ಟ. ಹುಡುಗ ಹೊಟ್ಟೆ ತುಂಬ ಉಂಡ. ಅಭ್ಯಾಸದಲ್ಲಿ ಓಡಿದ. ಆ ಕೈ ಮತ್ತೆ ಮೇಲೇಳಲಿಲ್ಲ. ಗುರುವಾರ ಮೀಟಿಂಗಿನಲ್ಲಿ ಕೋಯ್ ವಿಕ್‌ನನ್ನು ಹಿಡಿದು ಆಡಿಕೊಂಡ.

"ಕೋಚ್, ಇವ್ನ ಹೆಲ್ಮೆಟ್ಟಿಗೆ ಒಂದು ದೀಪ ಕಟ್ಸಿ. ನಿನ್ನೆ ಓಡಿದ್ದು ನೋಡಿದ್ರಾ? ನೇರವಾಗಿ ಪಾರ್ಕಿಂಗ್ ಕಡೆ ಹೊರಟಿದ್ದ."

"ನಿನ್ ಥರ ಗೆರೆ ಮೇಲೇ ಹೋಗೋಕೆ ನಾನೇನು ರೈಲಾ?" ಎಂದ ವಿಕ್.

"ರೈಲಾದ್ರೂ ಸ್ಟೇಷನ್ನಲ್ಲಿ ನಿಲ್ಲತ್ತೆ ಮಗಾ."

"ಸುಮ್ನಿರ್ರೋ ಇಬ್ರೂ," ಎಂದ ಓರಿನ್. "ನಾನು ಈ ಲೀಗಿಗೆ ಬಂದಾಗ ನಿಮ್ಗಿನ್ನೂ ಹಾಲುಹಲ್ಲು ಬಿದ್ದಿರ್ಲಿಲ್ಲ."

ಬುಧವಾರವೂ ಅವನು ಇದೇ ಮಾತನ್ನು ಹೀಗೇ ಹೇಳಿದ್ದ. ಹುಡುಗರು ಇವತ್ತೂ ನಕ್ಕರು.

ಪ್ರೂಟ್ ತನ್ನೊಳಗೆ ವಾದ ಮಾಡಿಕೊಂಡ. ಹೇಳುವುದಾದರೆ ಏನನ್ನು? ಹುಡುಗ ಕೈ ಎತ್ತಿದ ಎಂದೇ? ವೈದ್ಯರು ಪಾಸು ಮಾಡಿದವನನ್ನು ಕೂರಿಸಿದರೆ, ಗಾಯಾಳು ಎಂಬ ಹೆಸರು ಅವನಿಗೆ ಅಂಟಿಕೊಳ್ಳುತ್ತದೆ. ತಂಡಗಳು ಆಟಗಾರರನ್ನು ಹುಡುಕುವ ವಸಂತ ಬಂದಾಗ ಅಂಥ ಹುಡುಗನಿಗೆ ಯಾರೂ ಫೋನ್ ಮಾಡುವುದಿಲ್ಲ. ಮೂರನೆಯ ತಂಡವೂ ಬಿಟ್ಟ ಮೇಲೆ ನಾಲ್ಕನೆಯದು ಇರುವುದಿಲ್ಲ. ಹೇಳದಿದ್ದರೆ, ಮೊದಲ ಪೆಟ್ಟು ಮಾಯುವ ಮುಂಚೆ ಅದೇ ತಲೆಗೆ ಎರಡನೆಯದು ಬೀಳಬಹುದು. ಹಾಗೆ ಬಿದ್ದವರು ಏನಾಗುತ್ತಾರೆ ಎನ್ನುವುದು ಆ ಕಟ್ಟಡದಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಅದರ ಮಾತೆತ್ತುತ್ತಿರಲಿಲ್ಲ.

ಶನಿವಾರ ಬೆಳಿಗ್ಗೆ ಊರಿನ ಪಕ್ಕದ ಸರೋವರದ ಕಡೆಯಿಂದ ಹಿಮ ಒಂದೇ ಸಮನೆ ಸುರಿಯುತ್ತಿತ್ತು. ಮರುದಿನದ ಆಟವನ್ನು ನಡೆದು ನೋಡುವ ಅಭ್ಯಾಸ ಒಳಾಂಗಣದಲ್ಲಿ ನಡೆಯಿತು. ಹೆಲ್ಮೆಟ್ ಇಲ್ಲ, ಓಟ ಇಲ್ಲ, ಎಲ್ಲರೂ ಉಣ್ಣೆಯ ಟೋಪಿ ಹಾಕಿಕೊಂಡು ತಮ್ಮ ತಮ್ಮ ಜಾಗಕ್ಕೆ ನಡೆದು ಹೋಗುವುದಷ್ಟೇ. ಓರಿನ್ ಮಂಡಿಗೆ ಪಟ್ಟಿ ಸುತ್ತಿಸಿಕೊಳ್ಳುತ್ತಿದ್ದ. ಅವನ ಜಾಗ ಖಾಲಿ ಇತ್ತು. ಜನ ಕಡಿಮೆ ಇದ್ದಾಗ ಕೋಚ್‌ಗಳೇ ನಿಲ್ಲುವುದು ವಾಡಿಕೆ. ಪ್ರೂಟ್ ಹೋಗಿ ಆ ತುದಿಯಲ್ಲಿ ನಿಂತ. ಮಂಡಿ ಬಗ್ಗಿಸಿದ. ತೊಡೆಗೆ ಎರಡು ಸಲ ತಟ್ಟಿದ.

ಕೋಯ್‌ನ ಕೈ ತಡಮಾಡದೆ ಕಿವಿಗೆ ಹೋಯಿತು.

ಅದರಿಂದ ಏನೂ ಸಾಬೀತಾಗುವುದಿಲ್ಲ, ಹಳೆಯ ಅಭ್ಯಾಸ, ತಮಾಷೆಯೂ ಇರಬಹುದು ಎಂದುಕೊಂಡ ಪ್ರೂಟ್. ಇಬ್ಬರೂ ತಮ್ಮ ದಾರಿಯಲ್ಲಿ ನಡೆದು ಒಬ್ಬರನ್ನೊಬ್ಬರು ದಾಟಿ, ಪಕ್ಕಪಕ್ಕದಲ್ಲೇ ಆಟ ಶುರುವಾಗುವ ಗೆರೆಗೆ ಮರಳುತ್ತಿದ್ದರು. ಕೋಯ್ ತಲೆ ತಗ್ಗಿಸಿಕೊಂಡು ನೆಲ ನೋಡುತ್ತ ಬರುತ್ತಿದ್ದ.

"ಲೇ ಡ್ರೆ, ಅಷ್ಟು ಬೇಗ ತಟ್ಬೇಡ್ವೋ. ನಿನ್ ಎದುರು ನಿಂತಿರೋನಿಗೆ ಗೊತ್ತಾಗ್ಬಿಡತ್ತೆ."

ಪ್ರೂಟ್ ಹೆಜ್ಜೆ ನಿಲ್ಲಿಸದೆ ನಡೆದ.

"ಏನೋ, ಸಿಟ್ಟಾ? ನಿಮ್ಮಮ್ಮ ಈ ಸಲ ಸಾಸೇಜ್ ಕಳಿಸ್ಲಿಲ್ವಾ? ಹೋದ ಸಲದ್ದು ಪೂರ್ತಿ ನೀನೇ ನುಂಗ್ದೆ, ನನ್ಗೆ ಒಂದೇ ಒಂದು ಕೊಟ್ಟೆ, ಅದೂ ತಣ್ಣಗಾದ್ಮೇಲೆ."

"ಮುಂದಿನ್ ವಾರ ಕಳಿಸ್ತಾಳೆ," ಎಂದ ಪ್ರೂಟ್. ಯಾಕೆ ಹಾಗೆಂದ ಎಂದು ಅವನಿಗೇ ತಿಳಿಯಲಿಲ್ಲ. ಆ ಮಾತಿನಲ್ಲಿ ಎಷ್ಟು ಸಲಿಗೆ ಇತ್ತೆಂದರೆ, ಅಲ್ಲ ಎಂದು ಅಡ್ಡ ಬರಲು ನಾಲಿಗೆ ಏಳಲಿಲ್ಲ.

"ನೋಡೋಣ ನೋಡೋಣ," ಎಂದು ಕೋಯ್ ನಕ್ಕ. ಗೆರೆ ಬಂತು. ತಲೆ ಎತ್ತಿದ. ಪ್ರೂಟ್‌ನ ಮುಖ ನೋಡಿದ. "ಕೋಚ್, ನಾನು ಸರಿಯಾದ ಕಡೆಯಿಂದ್ಲೇ ಹೋದ್ನಲ್ಲ?" ಎಂದ. ಅವನ ಕಣ್ಣಿನಲ್ಲಿ ತಮಾಷೆ ಇರಲಿಲ್ಲ. ಗಾಬರಿಯೂ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಮುಂಚೆ ತಾನು ಆಡಿದ ಮಾತು ಅವನ ಪಾಲಿಗೆ ಇರಲೇ ಇಲ್ಲ.

"ಸರಿಯಾದ ಕಡೆಯಿಂದ್ಲೇ ಹೋದೆ," ಎಂದ ಪ್ರೂಟ್. ಅಭ್ಯಾಸ ಮುಗಿಯುವವರೆಗೂ ಕಾಯದೆ ಚಿಕಿತ್ಸೆಯ ಕೋಣೆಗೆ ಹೋದ.

ಮಾರ್ಲೀನ್ ಎಲ್ಲವನ್ನೂ ಕೇಳಿಸಿಕೊಂಡಳು. ಕೈಯ ವಿಷಯ, ಡ್ರೆಯ ವಿಷಯ. ಆಮೇಲೆ ಕೇಳಿದಳು: "ಹಾಗಾದ್ರೆ ಟೆಸ್ಟ್ ಹೇಗೆ ಪಾಸಾದ?"

"ಬೇಸಿಗೇದು ಸುಳ್ಳು. ಬೇಕೂಂತ ಕೆಟ್ಟದಾಗಿ ಬರೆದದ್ದು. ಎಲ್ರದ್ದೂ ಅಷ್ಟೇ. ಹಾಗೆ ಮಾಡಿ ಅಂತ ಹೇಳಿದ್ದು ನಾನು."

ಆಕೆ ಕೈಯಲ್ಲಿದ್ದ ಪಟ್ಟಿಯ ಸುರುಳಿಯನ್ನು ಮೇಜಿನ ಮೇಲೆ ಇಟ್ಟಳು.

"ಇಷ್ಟು ವರ್ಷ ನಾನು ಈ ಅಂಕ ನೋಡಿ ನೋಡಿ ಹುಡುಗ್ರನ್ನ ವಾಪಸ್ ಕಳಿಸಿದೀನಿ, ಲವೆಲ್."

"ಗೊತ್ತು."

"ಗೊತ್ತಂತೆ," ಎಂದಳು ಆಕೆ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ನಿನ್ ಕೋಣೇಲಿ ಉಳಿದಿರೋರೆಲ್ಲ ಈಗ್ಲೇ ಬಂದು ಮತ್ತೆ ಕೂತ್ಕೋಬೇಕು. ಈ ಸಲ ನಿಜವಾಗಿ. ಲೀಗಿನ ಡಾಕ್ಟರ್ ಊರಲ್ಲೇ ಇದಾರೆ, ಕರೀತೀನಿ."

ಸ್ಟ್ರೌಬ್‌ಗೆ ಸುದ್ದಿ ಮುಟ್ಟಿದಾಗ ಅವನು ಮೆಟ್ಟಿಲಲ್ಲೇ ಪ್ರೂಟ್‌ನನ್ನು ತಡೆದು ನಿಲ್ಲಿಸಿದ.

"ಪಾಸಾದ ಹುಡುಗನ್ನ ಫೇಲ್ ಮಾಡಿಸೋಕೆ ಹೊರಟ್ಯಲ್ಲ. ನಾಳೆ ಯಾರ್ನ ಆಡಿಸ್ಲಿ? ನಿನ್ನಾ?"

"ಓರಿನ್, ವಿಕ್ ಇದಾರೆ."

"ಇಬ್ರು."

"ಇಬ್ರು."

"ಮೂರು ಗಂಟೆಯೊಳಗೆ ನಾಳೆ ಆಡೋ ಇಬ್ರ ಹೆಸ್ರಾದ್ರೂ ತಂದು ಕೊಡು. ಅದಕ್ಕೂ ಏನಾದ್ರೂ ಒಂದು ಕಥೆ ಹಿಡ್ಕೊಂಡು ಬರ್ಬೇಡ."

ಕೋಯ್‌ನನ್ನು ಲೀಗಿನ ವೈದ್ಯೆ, ನಾಳೆ ಆಡುವಂತಿಲ್ಲ ಎಂದು ಹೇಳಿ, ಅರ್ಧ ತಾಸಿನಲ್ಲಿ ಹೊರಗೆ ಕಳಿಸಿದಳು. ಅವನು ಮುಖ ಬಿಗಿದುಕೊಂಡು ಪಡಸಾಲೆಗೆ ಬಂದ. ಗೋಡೆಗೆ ಒರಗಿ ನಿಂತಿದ್ದ ಪ್ರೂಟ್‌ನ ಮುಂದೆ ನಿಂತ.

"ನಾನು ನಿಮ್ಮನ್ನ ಡ್ರೆ ಅಂದ್ನಂತೆ."

"ಅಂದೆ."

"ಸುಳ್ಳು. ಡ್ರೆ ಎರಡು ತಿಂಗಳಿಂದ ಇಲ್ಲಿಲ್ಲ, ನನಗೆ ಗೊತ್ತಿಲ್ವಾ? ನಾನು ಮೆಸೇಜ್ ಮಾಡ್ತಿರ್ತೀನಿ ಅವ್ನಿಗೆ." ಅವನ ದನಿ ಏರಿತು. "ಜಾಣರಾಗ್ಬೇಡ್ರಪ್ಪ ಅಂದೋರು ಯಾರು ಕೋಚ್? ಹೇಳ್ಕೊಟ್ಟೋರೂ ನೀವೇ, ಹಿಡ್ಕೊಟ್ಟೋರೂ ನೀವೇನಾ?"

"ಹೌದು ಕಣೋ."

"ನಮ್ಮಪ್ಪ ಟೆಕ್ಸಾಸಿಂದ ಹೊರಟಾಗಿದೆ. ನಾಳೆ ಆಟ ನೋಡೋಕೆ ಕಾರ್ ಓಡಿಸ್ಕೊಂಡು ಬರ್ತಿದಾನೆ. ಅವ್ನಿಗೆ ಏನಂತ ಹೇಳ್ಲಿ?"

ಹುಡುಗ ಬ್ಯಾಗು ಹೆಗಲಿಗೆ ಹಾಕಿಕೊಂಡು ಪಡಸಾಲೆಯ ತುದಿಗೆ ನಡೆದು, ಯಾರೂ ಹೇಳದಿದ್ದರೂ, ಹಿಂಬಾಗಿಲು ತೆರೆದುಕೊಂಡು ಹೊರಗೆ ಹೋದ. ಹಿಮದ ಗಾಳಿ ಒಂದು ಸಲ ಒಳಗೆ ನುಗ್ಗಿ ನಿಂತಿತು.

ಆಮೇಲೆ ವಿಕ್ ಬಂದ, ಹಲ್ಲು ಕಿರಿಯುತ್ತ.

"ಕೋಚ್, ಬೇಸಿಗೇದಕ್ಕೂ ಇದಕ್ಕೂ ಎಷ್ಟು ವ್ಯತ್ಯಾಸ ಗೊತ್ತಾ? ಡಾಕ್ಟ್ರು ಎರಡು ಸಲ ನೋಡಿದ್ರು. ನಾನು ಇಷ್ಟು ಬುದ್ಧಿವಂತ ಅಂತ ನಮ್ಮಮ್ಮಂಗೂ ಗೊತ್ತಿಲ್ಲ."

"ಹೋಗಿ ಊಟ ಮಾಡು," ಎಂದ ಪ್ರೂಟ್. ಅವನಿಗೂ ಒಂದು ಕ್ಷಣ ನಗು ಬಂತು. ಇನ್ನು ಓರಿನ್ ಬಂದರೆ ಮುಗಿಯಿತು, ಇಬ್ಬರ ಹೆಸರು ಕೊಟ್ಟುಬಿಡಬಹುದು ಎಂದುಕೊಂಡ.

ಓರಿನ್ ತಡಮಾಡಿದ. ಬಂದವನು ಪಡಸಾಲೆಯಲ್ಲಿ ನಿಲ್ಲದೆ ನೇರವಾಗಿ ರಿಸೀವರುಗಳ ಕೋಣೆಗೆ ಹೋಗಿ ತನ್ನ ಕುರ್ಚಿಯಲ್ಲಿ ಕೂತ. ಪ್ರೂಟ್ ಹಿಂದೆಯೇ ಬಂದು ಬಾಗಿಲು ಹಾಕಿದ.

"ಹೇಗಾಯ್ತು?"

"ಅದೇ ಅಂಕ ಕೋಚ್."

"ಯಾವ ಅಂಕ?"

"ಬೇಸಿಗೇಲಿ ಬಂದಿತ್ತಲ್ಲ, ಅದೇ. ಒಂದೆರಡು ಆ ಕಡೆ ಈ ಕಡೆ."

"ಇವತ್ತು ಸುಳ್ಳು ಆಡ್ಬೇಡ ಅಂತ ಹೇಳಿದ್ನಲ್ಲೋ ಓರಿನ್. ನಿಜ ಬರೀಬೇಕಿತ್ತು."

"ನಿಜಾನೇ ಬರೆದೆ," ಎಂದ ಓರಿನ್. "ಪೂರ್ತಿ ಪ್ರಯತ್ನಪಟ್ಟೆ. ಕೈ ಬೆವರ್ತಿತ್ತು. ಪದಗಳು ಬರ್ತವೆ, ಹೋಗ್ತವೆ, ಯಾವ್ಯಾವು ಬಂದಿದ್ವು ಅಂತ ಕೇಳ್ತಾರೆ. ನಾನು ಒಂದೊಂದನ್ನೂ ಬಾಯಲ್ಲಿ ಹೇಳ್ಕೊಂಡೆ. ಕೇಳೋ ಹೊತ್ತಿಗೆ ಅರ್ಧ ಇರ್ಲಿಲ್ಲ."

ಹೀಟರಿನ ಗಾಳಿ ಸುಯ್ಯೆನ್ನುತ್ತಿತ್ತು. ಓರಿನ್ ಕಾರ್ಪೆಟ್ಟಿನ ಮೇಲೆ ಕಣ್ಣು ನೆಟ್ಟಿದ್ದ.

"ಬೇಸಿಗೇಲಿ ಬೇಕೂಂತ ಕೆಟ್ಟದಾಗಿ ಬರೆದಿದ್ದೆ ತಾನೇ?" ಎಂದ ಪ್ರೂಟ್.

"ಬರೆದಿದ್ದೆ. ನೀವು ಹೇಳಿದ್ರಲ್ಲ." ಅವನು ತಡೆದ. "ಬರೆದಿದ್ನಾ? ಅಥ್ವಾ ಆಗ್ಲೂ ಪ್ರಯತ್ನಪಟ್ಟಿದ್ನೋ ಏನೋ. ಅಲ್ಲೇ ಕೂತು ಅದನ್ನೇ ಯೋಚಿಸ್ತಿದ್ದೆ. ಜ್ಞಾಪಕ ಬರ್ತಿಲ್ಲ."

ಪ್ರೂಟ್ ಅವನ ಪಕ್ಕದಲ್ಲಿ ವಿಕ್‌ನ ಕುರ್ಚಿಯಲ್ಲಿ ಕೂತ.

"ನಾಳೆ ಆಡ್ಬಹುದಂತೆ ಕೋಚ್. ಡಾಕ್ಟ್ರನ್ನ ಕೇಳ್ದೆ. ನಂಗೆ ಪೆಟ್ಟು ಬಿದ್ದಿಲ್ಲ, ಅಂಕಾನೂ ಇಳಿದಿಲ್ಲ. ಯಾವ ನಿಯಮಾನೂ ಅಡ್ಡ ಬರಲ್ವಂತೆ. ಆಟ ಮುಗಿದ್ಮೇಲೆ ಬೇರೆ ಡಾಕ್ಟ್ರಿಗೆ ತೋರ್ಸಿ ಅಂದ್ರು." ಅವನು ಮೊದಲ ಸಲ ತಲೆ ಎತ್ತಿದ. "ಇದು ನಿಮ್ಗೆ, ನಂಗೆ, ಮಾರ್ಲೀನ್‌ಗೆ, ಆ ಡಾಕ್ಟ್ರಿಗೆ ಬಿಟ್ರೆ ಯಾರಿಗೂ ಗೊತ್ತಿಲ್ಲ. ಒಂದು ಆಟ. ಗೆದ್ರೆ ಇನ್ನೊಂದು."

"ನಿನ್ ಹೆಂಡ್ತಿಗೆ ಹೇಳಿದ್ಯಾ?"

"ಲೊರೇನ್‌ಗಾ? ಏನಂತ ಹೇಳ್ಲಿ? ಹೋದ ತಿಂಗ್ಳು ಮಗಳನ್ನ ಈಜೋ ಕ್ಲಾಸಿಂದ ಕರ್ಕೊಂಡ್ ಬರೋದು ಮರೆತೆ. ಒಂದ್ಸಲ ಅಲ್ಲ. ನೀನು ಮನೇಲಿದ್ರೂ ಆಟದ್ದೇ ಧ್ಯಾನ ಅಂತ ಬೈದ್ಲು. ನಾನೂ ಹಾಗೇ ಅಂದ್ಕೊಂಡೆ." ಅವನು ಮಂಡಿಯ ಪಟ್ಟಿಯನ್ನು ಸರಿಮಾಡಿಕೊಂಡ. "ಈಗ ನೀವೇ ಹೇಳಿ ಕೋಚ್. ಹೆಸ್ರು ಕೊಡ್ತೀರಾ?"

ಪ್ರೂಟ್ ಅವನ ಮುಖ ನೋಡಿದ. ಎಷ್ಟೋ ವರ್ಷಗಳಿಂದ ನೋಡಿದ ಮುಖ. ಅದೇ ತಾಳ್ಮೆ, ಅದೇ ಅರ್ಧ ನಗು. ಕೋಯ್‌ನ ಕೈಯ ಹಾಗೆ ಇಲ್ಲಿ ಎದ್ದು ಕಾಣುವಂಥದ್ದು ಏನೂ ಇರಲಿಲ್ಲ. ಒಂದು ವಾರ ಪೂರ್ತಿ ಅವನು ಕಿರಿಯನ ಮೇಲೆ ಕಣ್ಣಿಟ್ಟಿದ್ದ. ಹಿರಿಯ ಪಕ್ಕದಲ್ಲೇ ಕೂತು ನಿನ್ನೆಯ ಮಾತನ್ನೇ ಇವತ್ತೂ ಹೇಳಿದ್ದ, ಎಲ್ಲರೂ ನಕ್ಕಿದ್ದರು.

"ಕೊಡಲ್ಲ," ಎಂದ.

ಓರಿನ್ ಸಿಟ್ಟಾಗಲಿಲ್ಲ. "ಹ್ಞೂಂ" ಎಂದು ತಲೆಯಾಡಿಸಿದ. "ಬೇರೆ ಯಾರಾದ್ರೂ ಆಗಿದ್ರೆ ಕೊಡ್ತಿದ್ರು," ಎಂದ. ಅದು ದೂರೋ ಕೃತಜ್ಞತೆಯೋ ತಿಳಿಯುವ ಹಾಗಿರಲಿಲ್ಲ. ಪ್ರೂಟ್ ಅವನ ಹೆಗಲ ಮೇಲೆ ಕೈ ಇಟ್ಟು ಎದ್ದ.

ಮೂರು ಗಂಟೆಗೆ ಇನ್ನೂ ಸ್ವಲ್ಪ ಹೊತ್ತಿತ್ತು. ಸ್ಟ್ರೌಬ್‌ನ ಕೋಣೆ ಮೇಲಿನ ಮಹಡಿಯಲ್ಲಿ. ಕಿಟಕಿಯ ಆಚೆ ಸರೋವರ ಕಾಣುತ್ತಿರಲಿಲ್ಲ, ಬರೀ ಬಿಳಿ. ಸ್ಟ್ರೌಬ್ ಪೆನ್ನು ಹಿಡಿದು ಕಾಯುತ್ತಿದ್ದ.

"ಹೇಳು."

"ಸಲಜಾರ್."

"ಮತ್ತೆ?"

"ಅಷ್ಟೇ."

ಸ್ಟ್ರೌಬ್ ಪೆನ್ನು ಕೆಳಗಿಟ್ಟ. "ಓರಿನ್‌ಗೆ ಏನಾಯ್ತು?"

"ತಲೆ."

"ಯಾವಾಗ್ಲೋ? ಹೋದ ವಾರ ಅವ್ನನ್ನ ಯಾರೂ ಮುಟ್ಟೇ ಇಲ್ಲ. ಅದರ ಹಿಂದಿನ ವಾರಾನೂ ಮುಟ್ಟಿಲ್ಲ. ಎಲ್ಲಿ ಬಿದ್ದ? ಯಾವ ಆಟದಲ್ಲಿ? ವಿಡಿಯೊ ಹಾಕು, ತೋರ್ಸು ನಂಗೆ."

ಪ್ರೂಟ್ ನೆನಪಿನಲ್ಲಿ ಹಿಂದಕ್ಕೆ ಹೋದ. ಈ ವರ್ಷ, ಹೋದ ವರ್ಷ, ಅದರ ಹಿಂದಿನದು. ಓರಿನ್ ಬೀಳುತ್ತಾನೆ, ಏಳುತ್ತಾನೆ, ಗ್ಲೌಸಿನ ಹುಲ್ಲು ಕೊಡವಿಕೊಂಡು ತನ್ನ ಜಾಗಕ್ಕೆ ನಡೆದು ಹೋಗುತ್ತಾನೆ. ಮತ್ತೆ ಬೀಳುತ್ತಾನೆ, ಏಳುತ್ತಾನೆ. ಪ್ರತಿ ಸಲವೂ ಎದ್ದಿದ್ದ. ಇಗೋ ಇಲ್ಲಿ ಎಂದು ಬೆರಳಿಟ್ಟು ತೋರಿಸಲು ಒಂದೂ ಸಿಗಲಿಲ್ಲ.

"ತೋರ್ಸೋಕೆ ಏನೂ ಇಲ್ಲ ಗಿಲ್," ಎಂದ.

ಸ್ಟ್ರೌಬ್ ಫೋನ್ ಎತ್ತಿಕೊಂಡು, ರಿಸೀವರ್ ಜಾಗದಲ್ಲಿ ನಾಳೆ ನಿಲ್ಲಬಲ್ಲವರು ಬೇರೆ ಗುಂಪುಗಳಲ್ಲಿ ಯಾರಿದ್ದಾರೆ ಎಂದು ಒಬ್ಬೊಬ್ಬರನ್ನೇ ಕೇಳತೊಡಗಿದ. ಪ್ರೂಟ್‌ಗೆ ಹೋಗು ಎಂದು ಹೇಳಲಿಲ್ಲ, ಕೂರು ಎಂದೂ ಹೇಳಲಿಲ್ಲ.